ನೆರೆ ಬಯಲನ್ನು ಪಾಳು ಜಾಗ ಅನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಪತ್ರಿಕೆಯಲ್ಲಿ ಒಂದು ಫೋಟೊ ಬಂದಿತ್ತು. ನೆರೆ ಇಳಿದ ಮೇಲಿನ ನದಿ ದಂಡೆಯದು. ಅಲ್ಲಲ್ಲಿ ನಿಂತ ನೀರು, ಮಲಗಿದ ಹುಲ್ಲು, ಕೆಸರು, ಎರಡು ಕೊಕ್ಕರೆ. ಕೆಳಗೆ ಒಂದು ಸಾಲು: 'ದಡ ಮೀರಿದ ನದಿ, ಪಾಳು ಜಾಗದಲ್ಲಿ ನಿಂತ ನೀರು.' ಆ ಸಾಲನ್ನು ಎರಡು ಮೂರು ಸಲ ಓದಿದೆ. ಬರೆದವರ ಮೇಲೆ ಕೋಪ ಬರಲಿಲ್ಲ, ಏಕೆಂದರೆ ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದವಳು. ಆದರೆ ಮನಸ್ಸಿಗೆ ಬೇಜಾರಾಯಿತು. ಆ ಫೋಟೊದಲ್ಲಿ ಇದ್ದದ್ದು ಪಾಳು ಜಾಗ ಅಲ್ಲ. ಅದು ಮೀನುಗಳ ಬಾಣಂತಿಕೋಣೆ.

ನಾನು ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವಳು. ಈಗ ನಿವೃತ್ತಳು. ಪಾಠದ ಜೊತೆಗೆ ಸಿಹಿನೀರಿನ ಮೀನುಗಳನ್ನು ಹಿಡಿದು, ಗುರುತಿಸಿ, ಎಣಿಸಿ, ವಾಪಸ್ ಬಿಡುವುದು ನನ್ನ ಕೆಲಸವಾಗಿತ್ತು. ಆ ಫೋಟೊ ನೋಡಿದ ದಿನವೇ ಪತ್ರ ಬರೆಯಲು ಕೂತೆ. ಆಮೇಲೆ ಅನ್ನಿಸಿತು, ಸುಮ್ನೆ ಮಾತು ಬೇಡ, ಮೊದಲು ಒಂದು ಬಾಟಲಿ ಇಡೋಣ ಅಂತ. ಅದಕ್ಕೇ ಈ ಪತ್ರ ಐದು ದಿನ ತಡವಾಯಿತು.

ಬಾಟಲಿಯ ವಿಷಯ ಇಷ್ಟೇ. ನೆರೆ ಬಯಲಿನ ಒಣ ಮಣ್ಣು ಒಂದು ಡಬ್ಬಿ ತುಂಬ ನನ್ನ ಹತ್ತಿರ ಇತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲದಿಂದ ಕೆರೆದು ತಂದಿಟ್ಟಿದ್ದೆ. ಮುಟ್ಟಿದರೆ ಪುಡಿ. ಜೀವ ಇದೆ ಅಂತ ಯಾರೂ ನಂಬುವುದಿಲ್ಲ. ಗಾಜಿನ ಬಾಟಲಿಗೆ ಎರಡು ಹಿಡಿ ಆ ಮಣ್ಣು ಹಾಕಿ, ಮಳೆನೀರು ತುಂಬಿ ಕಿಟಕಿಯ ಹತ್ತಿರ ಇಟ್ಟೆ. ಮಕ್ಕಳಿಗೆ ತರಗತಿಯಲ್ಲಿ ಪ್ರತಿ ವರ್ಷ ಇದನ್ನೇ ಮಾಡಿ ತೋರಿಸುತ್ತಿದ್ದೆ. ನಲ್ಲಿಯ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ.

ಮೊದಲ ದಿನ ಬರೀ ಕಂದು ನೀರು. ಎರಡನೇ ದಿನ ಮಣ್ಣು ಕೆಳಗೆ ಕೂತು, ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿತು. ಅದು ಬ್ಯಾಕ್ಟೀರಿಯಾದ ಪೊರೆ. ಮೂರನೇ ದಿನ ಬೆಳಿಗ್ಗೆ ಒಂದು ಹನಿ ತೆಗೆದು ನನ್ನ ಹಳೆಯ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ರೋಟಿಫರ್‌ಗಳು ಬಂದಿದ್ದವು. ತಲೆಯ ಮೇಲೆ ಎರಡು ಚಕ್ರ ತಿರುಗುವ ಹಾಗೆ ಕಾಣುವ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಣ್ಣ ಪ್ರಾಣಿಗಳು ಇವು. ಚಕ್ರ ಅಲ್ಲ, ಕೂದಲಿನ ಸಾಲು ಅದು. ತಿರುಗಿದಂತೆ ಕಾಣುತ್ತದೆ. ಒಣ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಮೊಟ್ಟೆಯಾಗಿ ಮಲಗಿದ್ದು, ನೀರು ತಾಗಿದ ಕೂಡಲೇ ಎದ್ದು ಬಂದವು.

ಈಗ ಇದರ ಪಕ್ಕಕ್ಕೆ ಮೀನಿನ ಲೆಕ್ಕ ಇಟ್ಟು ನೋಡಿ. ರೋಹು, ಕಾಟ್ಲಾ, ಮೃಗಾಲ್ ಮೀನುಗಳು ಮಳೆಗಾಲದಲ್ಲಿ ನದಿ ಏರುವಾಗ, ನೀರು ತೆಳ್ಳಗೆ ಹರಡಿಕೊಂಡ ದಂಡೆಯ ಜಾಗಕ್ಕೆ ಬಂದು ಮೊಟ್ಟೆ ಇಡುತ್ತವೆ. ಬೆಚ್ಚಗಿನ ನೀರಿನಲ್ಲಿ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಹೊರಗೆ ಬಂದ ಮರಿಗೆ ಹೊಟ್ಟೆಯಲ್ಲೇ ಮೊಟ್ಟೆಯ ಹಳದಿಯ ಬುತ್ತಿ ಇರುತ್ತದೆ. ಅದು ಸುಮಾರು ಮೂರು ದಿನಕ್ಕೆ ಸಾಕು. ಬುತ್ತಿ ಮುಗಿದ ದಿನ ಬಾಯಿಗೆ ಹಿಡಿಸುವಷ್ಟು ಸಣ್ಣ ಆಹಾರ ಎದುರಿಗೇ ಇರಬೇಕು. ಇಲ್ಲದಿದ್ದರೆ ಮರಿ ಸಾಯುತ್ತದೆ. ಆ ದಿನಕ್ಕೆ ಸರಿಯಾಗಿ ಮಣ್ಣಿನಿಂದ ರೋಟಿಫರ್ ಎದ್ದಿರುತ್ತದೆ. ಮರಿಯ ಬಾಯಿ ಸ್ವಲ್ಪ ದೊಡ್ಡದಾಗುವ ಹೊತ್ತಿಗೆ ನೀರ್ಚಿಗಟ ಅನ್ನುವ, ಕುಪ್ಪಳಿಸಿ ಈಜುವ ಸಣ್ಣ ಜೀವಿ ಬಂದಿರುತ್ತದೆ. ಇನ್ನೂ ದೊಡ್ಡದಾದರೆ ಸೊಳ್ಳೆ ಮರಿ, ಹುಳ. ಒಂದು ಗಡಿಯಾರ ಮಣ್ಣಿನಲ್ಲಿ, ಇನ್ನೊಂದು ಮೀನಿನ ಹೊಟ್ಟೆಯಲ್ಲಿ. ಎರಡಕ್ಕೂ ಕೀಲಿ ಕೊಡುವುದು ಒಂದೇ ನೆರೆ.

ಇದೇ ಮರಿ ನದಿಯ ನಡುವಿನ ಹರಿವಿನಲ್ಲಿದ್ದರೆ? ಅಲ್ಲಿ ನೀರಿಗೆ ವೇಗ ಜಾಸ್ತಿ, ಆಹಾರ ಕಡಿಮೆ, ಅಡಗಲು ಹುಲ್ಲಿಲ್ಲ, ದೊಡ್ಡ ಮೀನಿನ ಬಾಯಿ ಹತ್ತಿರ. ಒಂದು ಹೆಣ್ಣು ರೋಹು ಲಕ್ಷಗಟ್ಟಲೆ ಮೊಟ್ಟೆ ಇಡುವುದು ಸುಮ್ನೆ ಅಲ್ಲ. ಎಷ್ಟು ಸಾಯುತ್ತವೆ ಅನ್ನುವುದರ ಲೆಕ್ಕ ಅದರಲ್ಲೇ ಇದೆ. ನೆರೆ ಬಯಲಿಗೆ ಸೇರಿದ ಮರಿಗೆ ಮಾತ್ರ ಸ್ವಲ್ಪ ಅವಕಾಶ.

ನೆರೆ ಈ ಮೀನುಗಳಿಗೆ ಎಷ್ಟು ಮುಖ್ಯ ಅಂತ ತಿಳಿಯಲು ನಮ್ಮ ದೇಶದ್ದೇ ಒಂದು ಕಥೆ ಇದೆ. ಕೆರೆಯಲ್ಲಿ ಸಾಕಿದ ರೋಹು, ಕಾಟ್ಲಾ ಚೆನ್ನಾಗಿ ಬೆಳೆಯುತ್ತವೆ, ಹೊಟ್ಟೆ ತುಂಬ ಮೊಟ್ಟೆಯೂ ಕಟ್ಟುತ್ತವೆ. ಆದರೆ ಇಡುವುದಿಲ್ಲ. ನೀರು ಏರಲಿಲ್ಲ, ಹರಿವು ಬರಲಿಲ್ಲ ಅಂದರೆ ಅವುಗಳ ಮೈಗೆ ಸೂಚನೆಯೇ ಸಿಗುವುದಿಲ್ಲ. ಅದಕ್ಕೇ ಬಹಳ ಕಾಲ ಮೀನು ಸಾಕುವವರು ಮಳೆಗಾಲದಲ್ಲಿ ನದಿಯಿಂದಲೇ ಮರಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಒಂದು ದಾರಿ ಕಂಡುಕೊಂಡರು. ಒಂದು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ತೆಗೆದು ಇನ್ನೊಂದಕ್ಕೆ ಚುಚ್ಚಿದರು. ಮೀನು ಮೊಟ್ಟೆ ಇಟ್ಟಿತು. ಈಗಲೂ ಜುಲೈ 10 ನಮ್ಮಲ್ಲಿ ಮೀನು ಕೃಷಿಕರ ದಿನ. ಅದು ದೊಡ್ಡ ಸಾಧನೆ, ನಾನು ಪ್ರತಿ ವರ್ಷ ಹೆಮ್ಮೆಯಿಂದ ಪಾಠ ಮಾಡಿದ್ದೇನೆ. ಆದರೆ ಅದರ ಇನ್ನೊಂದು ಮಗ್ಗುಲನ್ನೂ ಹೇಳುತ್ತಿದ್ದೆ. ನೆರೆ ಬಿಟ್ಟಿಯಾಗಿ ಮಾಡುತ್ತಿದ್ದ ಒಂದು ಕೆಲಸಕ್ಕೆ ನಾವು ಸೂಜಿ ಹಿಡಿಯಬೇಕಾಯಿತು. ಅದೂ ಕೆಲವೇ ಬಗೆಯ ಮೀನಿಗೆ. ಉಳಿದ ನೂರಾರು ಬಗೆಗೆ ಯಾರು ಸೂಜಿ ಹಾಕುತ್ತಾರೆ?

ಇಲ್ಲಿ ಬಗೆ ಅನ್ನುವ ಮಾತು ಮುಖ್ಯ. ಮೀನು ಎಷ್ಟು ಕಿಲೋ ಸಿಕ್ಕಿತು ಅನ್ನುವುದು ಒಂದು ಲೆಕ್ಕ. ಎಷ್ಟು ಬಗೆ ಇದೆ ಅನ್ನುವುದು ಬೇರೆ ಲೆಕ್ಕ. ನದಿ, ಕೆರೆ ಎಲ್ಲ ಕೂಡಿದರೂ ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಒಂದು ಭಾಗವೂ ಆಗುವುದಿಲ್ಲ. ಆದರೂ ಲೋಕದ ಮೀನು ಬಗೆಗಳಲ್ಲಿ ಸುಮಾರು ಅರ್ಧದಷ್ಟು ಇರುವುದು ಸಿಹಿನೀರಿನಲ್ಲೇ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಬಗೆ ಹೇಗೆ ಬಾಳುತ್ತವೆ? ಇದಕ್ಕೆ ಹಲವು ಉತ್ತರಗಳಿವೆ. ನಾನು ಕಣ್ಣಾರೆ ಕಂಡ ಉತ್ತರ ಒಂದು. ನದಿ ಒಂದೇ ಜಾಗ ಅಲ್ಲ. ನೆರೆ ಬಂದು ಇಳಿದರೆ ಅದು ನೂರು ಜಾಗ ಆಗುತ್ತದೆ.

ಮುಖ್ಯ ಹರಿವು ಒಂದು ಜಾಗ. ಪಕ್ಕದ ಕಿರುಗಾಲುವೆ ಇನ್ನೊಂದು. ನದಿ ದಾರಿ ಬದಲಿಸಿದಾಗ ಹಿಂದೆ ಬಿಟ್ಟುಹೋದ ಬಾಗಿದ ಮಡು ಮತ್ತೊಂದು. ಹುಲ್ಲು ಮುಳುಗಿದ ತೆಳುನೀರು, ಮರ ಮುಳುಗಿದ ಆಳನೀರು, ಒಂದೇ ತಿಂಗಳು ಉಳಿಯುವ ಹೊಂಡ, ವರ್ಷವಿಡೀ ಬತ್ತದ ಹೊಂಡ. ನೀರು ಏರಿದಾಗ ಎಲ್ಲವೂ ಒಂದಾಗುತ್ತವೆ, ಮೀನುಗಳು ಎಲ್ಲ ಕಡೆ ಹೋಗುತ್ತವೆ. ಇಳಿದಾಗ ಒಂದೊಂದೂ ಬೇರೆಯಾಗುತ್ತದೆ, ಒಂದೊಂದರ ನೀರೂ ಬೇರೆ ರುಚಿಗೆ ತಿರುಗುತ್ತದೆ. ಒಂದರಲ್ಲಿ ಮಣ್ಣು ಕೂತು ನೀರು ತಿಳಿಯಾಗುತ್ತದೆ, ಇನ್ನೊಂದು ಕಲಕಿಕೊಂಡೇ ಇರುತ್ತದೆ. ವೆನೆಜುವೆಲಾದ ಒರಿನೊಕೊ ನದಿಯ ನೆರೆ ಬಯಲಿನ ಮಡುಗಳಲ್ಲಿ ವಿಜ್ಞಾನಿಗಳು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ನೀರು ತಿಳಿಯಾಗಿದ್ದ ಕಡೆ ಕಣ್ಣಿನಿಂದ ಬೇಟೆಯಾಡುವ ಮೀನುಗಳದ್ದೇ ಮೇಲುಗೈ. ಕದಡಿದ್ದ ಕಡೆ ಮೀಸೆಯಿಂದ ತಡವಿ, ವಾಸನೆ ಹಿಡಿದು, ವಿದ್ಯುತ್ತಿನ ಮಿಡಿತದಿಂದ ದಾರಿ ಹುಡುಕುವ ಮೀನುಗಳದ್ದು. ಒಂದೇ ನದಿ, ಅಕ್ಕಪಕ್ಕದ ಮಡುಗಳು, ಒಳಗಿನ ಸಂಸಾರ ಮಾತ್ರ ಬೇರೆ ಬೇರೆ.

ಮೀನುಗಾರರು ಇದನ್ನು ಬಹಳ ಸರಳವಾಗಿ ಹೇಳುತ್ತಾರೆ. ಮೆಕಾಂಗ್ ನದಿಯ ಕಡೆ ಬಿಳಿ ಮೀನು, ಕಪ್ಪು ಮೀನು ಅಂತ ಎರಡು ಗುಂಪು ಮಾಡುತ್ತಾರೆ, ವಿಜ್ಞಾನಿಗಳೂ ಈಗ ಅದೇ ಹೆಸರು ಬಳಸುತ್ತಾರೆ. ಬಿಳಿ ಮೀನು ಅಂದರೆ ಓಡಾಡುವ ಮೀನು. ನೆರೆ ಏರಿದಾಗ ಬಯಲಿಗೆ ಬಂದು, ಇಳಿಯುವ ಮೊದಲು ನದಿಗೆ ವಾಪಸಾಗುತ್ತದೆ. ಉಸಿರುಗಟ್ಟುವ ನೀರು ಅದಕ್ಕೆ ಆಗುವುದಿಲ್ಲ. ಕಪ್ಪು ಮೀನು ಹೊಂಡದಲ್ಲೇ ಉಳಿಯುತ್ತದೆ. ನಮ್ಮ ಕೊರವ, ಚೇಳುಮೀನು ಈ ಜಾತಿಯವು. ನೀರಿನಲ್ಲಿ ಆಮ್ಲಜನಕ ಸಾಲದಿದ್ದರೆ ಮೇಲೆ ಬಂದು ಗಾಳಿಯನ್ನೇ ನುಂಗುತ್ತವೆ.

ಕೊರವನ ಮರಿಗಳನ್ನು ನೋಡಿದ್ದೀರಾ? ನಾನು ಮೊದಲ ಸಲ ನೋಡಿದಾಗ ಯಾರೋ ಕುಂಕುಮ ಚೆಲ್ಲಿದ್ದಾರೆ ಅಂದುಕೊಂಡೆ. ಹೊಂಡದ ಅಂಚಿನಲ್ಲಿ, ಹುಲ್ಲಿನ ಸಂದಿಯಲ್ಲಿ, ಒಂದು ತಟ್ಟೆಯಷ್ಟು ಅಗಲಕ್ಕೆ ಕೆಂಪು ಚುಕ್ಕೆಗಳು. ಒಟ್ಟಿಗೆ ಮೇಲೆ ಬರುತ್ತವೆ, ಗುಳುಗುಳು ಅಂತ ಗಾಳಿ ಹೀರುತ್ತವೆ, ಒಟ್ಟಿಗೆ ಕೆಳಗೆ ಹೋಗುತ್ತವೆ. ಬೆರಳು ತೋರಿಸಿದೆ. ಕೆಳಗಿನ ಕಪ್ಪಿನಿಂದ ಒಂದು ತಲೆ ಧಡಕ್ಕನೆ ಮೇಲೆ ಬಂತು, ಹಾವಿನ ತಲೆಯ ಹಾಗೆ ಚಪ್ಪಟೆ. ಅಪ್ಪನೋ ಅಮ್ಮನೋ ಗೊತ್ತಾಗಲಿಲ್ಲ. ಮರಿಗಳು ದೊಡ್ಡವಾಗುವವರೆಗೆ ಅವು ಕಾವಲು ಬಿಡುವುದಿಲ್ಲ. ಅವತ್ತು ಒಂದು ಗಂಟೆ ಅಲ್ಲೇ ಕೂತಿದ್ದೆ.

ಹೊಂಡ ಪೂರ್ತಿ ಬತ್ತಿದರೂ ಬಾಳುವ ಮೀನುಗಳಿವೆ. ಆಫ್ರಿಕಾದ ಶ್ವಾಸಕೋಶ ಮೀನು ಕೆಸರಿನೊಳಗೆ ಹೂತು, ಲೋಳೆಯ ಚೀಲ ಕಟ್ಟಿಕೊಂಡು ಮಲಗುತ್ತದೆ. ಮೊಜಾಂಬಿಕ್, ಜಿಂಬಾಬ್ವೆ ಕಡೆಯ ಒಂದು ಸಣ್ಣ ಕಿಲ್ಲಿಮೀನು ಮೊಟ್ಟೆಯೊಡೆದು ಎರಡೇ ವಾರದಲ್ಲಿ ದೊಡ್ಡದಾಗಿ, ತಾನೇ ಮೊಟ್ಟೆ ಇಡುತ್ತದೆ. ಹೊಂಡ ಒಣಗುತ್ತದೆ, ಮೀನು ಸಾಯುತ್ತದೆ. ಮೊಟ್ಟೆ ಮಣ್ಣಿನಲ್ಲಿ ಮುಂದಿನ ಮಳೆಯವರೆಗೆ ಕಾಯುತ್ತದೆ. ನನ್ನ ಬಾಟಲಿಯ ಮಣ್ಣಿನ ಹಾಗೇ ಅಲ್ವಾ.

1989ರಲ್ಲಿ ವೂಲ್ಫ್‌ಗಾಂಗ್ ಯುಂಕ್, ಪೀಟರ್ ಬೇಲಿ, ರಿಚರ್ಡ್ ಸ್ಪಾರ್ಕ್ಸ್ ಅನ್ನುವ ಮೂವರು ವಿಜ್ಞಾನಿಗಳು ಈ ಏರಿಳಿತಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ನಾನು ಅದನ್ನು 'ನೆರೆಯ ನಾಡಿ' ಅನ್ನುತ್ತೇನೆ. ನಾಡಿ ಬಡಿಯುವುದು ಹೇಗೆ ಕಾಯಿಲೆ ಅಲ್ಲವೋ, ಹೊತ್ತಿಗೆ ಸರಿಯಾಗಿ ಬಂದು ಹೋಗುವ ನೆರೆಯೂ ದೊಡ್ಡ ನದಿಗೆ ಕಾಯಿಲೆ ಅಲ್ಲ. ಅದಿಲ್ಲದಿರುವುದೇ ಕಾಯಿಲೆ. ಅವರ ಮಾತು ಬರುವ ಮೊದಲು ನದಿ ಅಂದರೆ ಮೇಲಿಂದ ಕೆಳಕ್ಕೆ ಹರಿಯುವ ಒಂದು ಗೆರೆ ಅಂತ ಯೋಚಿಸುವುದೇ ಹೆಚ್ಚಾಗಿತ್ತು. ಅಡ್ಡಕ್ಕೂ ನೋಡಿ, ನದಿಯಿಂದ ಬಯಲಿಗೆ, ಬಯಲಿಂದ ನದಿಗೆ ಅಂತ ಅವರು ಹೇಳಿದರು. ಆ ಲೇಖನ ಓದಿದ ಮೇಲೆ ನಾನು ಬಲೆ ಹಾಕುವ ಜಾಗವೇ ಬದಲಾಯಿತು.

ಆದರೂ ನಿಜ ಹೇಳಬೇಕೆಂದರೆ, ನನಗೆ ಜಾಸ್ತಿ ಕಲಿಸಿದ್ದು ಲೇಖನ ಅಲ್ಲ, ಬಲೆ ಹಾಕುವ ಒಬ್ಬ ಹಿರಿಯರು. ನೀರಿಗೆ ಕೈ ಅದ್ದಿ, ಮೂಸಿ ನೋಡಿ, "ಬೆಚ್ಚಗಿದೆ, ಹೊಸ ಮಣ್ಣಿನ ವಾಸನೆ ಇದೆ, ಇವತ್ತು ರಾತ್ರಿ ಮೀನು ಹತ್ತುತ್ತೆ" ಅನ್ನುತ್ತಿದ್ದರು. ಹತ್ತುತ್ತಿತ್ತು. ಬರೀ ನೀರು ಬಂದರೆ ಸಾಲದು, ಬೆಚ್ಚಗಿನ ಹೊತ್ತಿಗೆ ಬರಬೇಕು ಅನ್ನುವುದನ್ನು ನಾನು ಮೊದಲು ಕಲಿತದ್ದು ಅವರ ಕೈಯಿಂದ.

ದೊಡ್ಡ ಅಳತೆಯಲ್ಲಿ ಇದನ್ನು ನೋಡಬೇಕೆಂದರೆ ಕಾಂಬೋಡಿಯದ ಟೊನ್ಲೆ ಸಾಪ್ ಸರೋವರ ಇದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಎಷ್ಟು ಏರುತ್ತದೆಂದರೆ, ಈ ಸರೋವರದಿಂದ ಹೊರಗೆ ಹರಿಯುವ ನದಿ ದಿಕ್ಕು ಬದಲಿಸಿ ಒಳಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ 10,000 ದಾಟುತ್ತದೆ, ದೊಡ್ಡ ನೆರೆಯ ವರ್ಷ 15,000 ಮುಟ್ಟುತ್ತದೆ. ಸುತ್ತಲ ಕಾಡು ಮುಳುಗುತ್ತದೆ. ಮೇಲೆಲ್ಲೋ ಮೆಕಾಂಗ್‌ನಲ್ಲಿ ಇಟ್ಟ ಮೊಟ್ಟೆ, ಮರಿ ತೇಲಿಕೊಂಡು ಈ ಮುಳುಗಿದ ಕಾಡಿಗೆ ಸೇರುತ್ತವೆ. ತಿಂಗಳುಗಟ್ಟಲೆ ತಿಂದು ಬೆಳೆದು, ನೀರು ಇಳಿಯುವಾಗ ನದಿಗೆ ಹೊರಡುತ್ತವೆ. ಅಲ್ಲಿಯ ಮೀನುಗಾರರು ಆ ಹೊತ್ತಿಗೆ ನದಿಗೆ ಅಡ್ಡಲಾಗಿ ದೊಡ್ಡ ಚೀಲಬಲೆಗಳನ್ನು ಸಾಲಾಗಿ ಕಟ್ಟಿ ಕಾಯುತ್ತಾರೆ. ನೆರೆ ದೊಡ್ಡದಿದ್ದ ವರ್ಷ ಬಲೆಯೂ ಭಾರ.

ಅಮೆಜಾನ್‌ನಲ್ಲಿ ಇನ್ನೊಂದು ತರಹ. ಅಲ್ಲಿ ಕೆಲವು ಕಡೆ ನೀರು ಹತ್ತು ಮೀಟರ್ ಏರುತ್ತದೆ, ಮರದ ಕೊಂಬೆಗಳ ನಡುವೆ ಮೀನು ಈಜುತ್ತದೆ. ಟಂಬಾಕಿ ಅನ್ನುವ ದೊಡ್ಡ ಮೀನಿಗೆ ದವಡೆಯ ಹಲ್ಲು ಇದೆ, ಹೆಚ್ಚುಕಡಿಮೆ ನಮ್ಮ ದವಡೆ ಹಲ್ಲಿನ ಹಾಗೆ. ನೆರೆಯಲ್ಲಿ ಮುಳುಗಿದ ಮರಗಳಿಂದ ಬೀಳುವ ಹಣ್ಣು, ಬೀಜ ಅದರ ಊಟ. ಅದು ತಿಂದ ಬೀಜಗಳಲ್ಲಿ ಎಷ್ಟೋ ಬೀಜ ಕೆಡದೆ ಹೊರಗೆ ಬಂದು, ದೂರದಲ್ಲಿ ಮೊಳೆಯುತ್ತವೆ. ಕಾಡು ಮೀನನ್ನು ಸಾಕುತ್ತದೆ, ಮೀನು ಕಾಡನ್ನು ಬಿತ್ತುತ್ತದೆ. ಬ್ರೆಜಿಲ್‌ನ ಮಮಿರೌವಾ ನೆರೆಕಾಡಿನಲ್ಲಿ ಪಿರರುಕು ಅನ್ನುವ ಇನ್ನೂ ದೊಡ್ಡ ಮೀನಿದೆ. ಅದು ಗಾಳಿ ಹೀರಲು ಆಗಾಗ ಮೇಲೆ ಬರಲೇಬೇಕು. ಮೀನುಗಾರರು ನೆರೆ ಇಳಿದ ಮೇಲೆ ಮಡುವಿನ ಬದಿಯಲ್ಲಿ ಕೂತು, ಮೇಲೆ ಬಂದ ಮೀನನ್ನು ಎಣಿಸುತ್ತಾರೆ. ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ ನುರಿತ ಮೀನುಗಾರರ ಲೆಕ್ಕ ಸರಿಯಾಗಿಯೇ ಇತ್ತು. 1999ರಿಂದ ಆ ಎಣಿಕೆ ನೋಡಿಯೇ ಎಷ್ಟು ಹಿಡಿಯಬಹುದು ಅಂತ ತೀರ್ಮಾನ ಮಾಡುತ್ತಾರೆ. ಮೀನು ಮತ್ತೆ ಹೆಚ್ಚಿತು. ಇದನ್ನು ಓದಿದಾಗಲೆಲ್ಲ ನನಗೆ ನೀರು ಮೂಸುತ್ತಿದ್ದ ಆ ಹಿರಿಯರ ನೆನಪಾಗುತ್ತದೆ.

ಈಗ ನಿಮ್ಮ ಓದುಗರು ಕೇಳಬಹುದು: ನೆರೆಯಲ್ಲಿ ಮನೆ ಕಳೆದುಕೊಂಡವರ ಮುಂದೆ ನಿಂತು ಇದನ್ನೆಲ್ಲ ಹೇಳುತ್ತೀರಾ ಅಂತ. ಇಲ್ಲ. ಮನೆಯೊಳಗೆ ನೀರು ನುಗ್ಗಿದವರ ಕಷ್ಟ ನನಗೆ ಗೊತ್ತು, ಜೀವ ಉಳಿಸುವುದೇ ಮೊದಲು. ಎಲ್ಲ ನೆರೆಯೂ ಮೀನಿಗೆ ಒಳ್ಳೆಯದು ಅಂತಲೂ ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದ ಮರ್ರಿ ನದಿಯಲ್ಲಿ ಬಹಳ ವರ್ಷದ ಬರದ ನಂತರ 2010–11ರಲ್ಲಿ ನೆರೆ ಬಂತು. ಅಷ್ಟು ವರ್ಷ ಬಯಲಿನಲ್ಲಿ ರಾಶಿ ಬಿದ್ದಿದ್ದ ಎಲೆಯೆಲ್ಲ ಒಮ್ಮೆಗೇ ನೀರಿನಲ್ಲಿ ಕೊಳೆಯಿತು. ನೀರು ಚಹಾದ ಬಣ್ಣಕ್ಕೆ ತಿರುಗಿತು, ಆಮ್ಲಜನಕ ಹೋಯಿತು, ಮೀನು ಸತ್ತವು. ಆಗಾಗ ಬರಬೇಕಾದ ನೆರೆ ಬಾರದೆ, ಕೊನೆಗೆ ಒಮ್ಮೆಗೇ ಬಂದರೆ ಹೀಗೂ ಆಗುತ್ತದೆ. ಅದೇ ನದಿಯಲ್ಲಿ ನೀರು ಕಡಿಮೆ ಇರುವಾಗಲೇ ಮರಿ ಮಾಡುವ ಮೀನುಗಳೂ ಇವೆ. ಹಾಗಾಗಿ ಒಂದೇ ತರಹದ ನೀರು ಎಲ್ಲರಿಗೂ ಸರಿಹೋಗುವುದಿಲ್ಲ. ಒಂದು ವರ್ಷ ದೊಡ್ಡ ನೆರೆ, ಇನ್ನೊಂದು ವರ್ಷ ಸಣ್ಣದು, ಬೇಸಿಗೆಯಲ್ಲಿ ಇಳಿತ. ವರ್ಷಕ್ಕೊಂದು ಬಗೆಯ ಮೀನಿಗೆ ಸರದಿ ಸಿಗುತ್ತದೆ. ಅಷ್ಟೊಂದು ಬಗೆ ಒಟ್ಟಿಗೆ ಬಾಳಲು ಈ ಏರುಪೇರೂ ಒಂದು ಕಾರಣ.

ನನ್ನ ತಕರಾರು ಬೇರೆ ಕಡೆ ಇದೆ. ಅದನ್ನು ಹೇಳಲು ಒಂದು ಮಡುವಿನ ಕಥೆ ಹೇಳಬೇಕು.

ನಾನು ವರ್ಷಗಟ್ಟಲೆ ಮೀನು ಎಣಿಸಿದ ಮಡು ಅದು. ನದಿಗೂ ಅದಕ್ಕೂ ನಡುವೆ ಒಂದು ಕಿರಿದಾದ ಕಾಲುವೆ. ನೆರೆ ಏರುವಾಗ ಅದರಲ್ಲಿ ನೀರು ಒಳಕ್ಕೆ ಹರಿಯುತ್ತಿತ್ತು, ಇಳಿಯುವಾಗ ಹೊರಕ್ಕೆ. ಇಳಿಯುವ ಹೊತ್ತಿನಲ್ಲಿ ರಾತ್ರಿ ಟಾರ್ಚ್ ಹಿಡಿದು ಕಾಲುವೆಯ ಬಾಯಲ್ಲಿ ನಿಂತರೆ ಕಾಲಿಗೆ ಮರಿಗಳು ತಾಗುತ್ತಿದ್ದವು. ಬೆರಳುದ್ದ, ಬೆಳ್ಳಗೆ, ಸಾವಿರಾರು. ಬಯಲಿನಲ್ಲಿ ಬೆಳೆದು ನದಿಗೆ ಹೊರಟವು. ನೀರು ಇಳಿಯುತ್ತಿದೆ ಅಂತ ಅವಕ್ಕೆ ಹೇಗೋ ಗೊತ್ತಾಗುತ್ತದೆ. ತಡ ಮಾಡಿದವು ಹೊಂಡದಲ್ಲೇ ಸಿಕ್ಕಿಬಿದ್ದು ಹಕ್ಕಿಗಳ ಪಾಲಾಗುತ್ತವೆ.

ಒಂದು ವರ್ಷ ಅಲ್ಲಿ ಒಡ್ಡು ಕಟ್ಟಿದರು. ಕಾಲುವೆಯ ಬಾಯಿಗೆ ಒಂದು ಕಬ್ಬಿಣದ ಗೇಟು ಬಂತು. ಒಳಗಿನ ಮಳೆನೀರು ಹೊರಕ್ಕೆ ಹೋಗಬೇಕು, ನದಿಯ ನೀರು ಒಳಗೆ ಬರಬಾರದು, ಆ ತರಹದ ಗೇಟು. ನದಿ ಏರಿದರೆ ಅದೇ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ನಾನು ಹೋಗಿ ಅಧಿಕಾರಿಗಳನ್ನು ಕೇಳಿದೆ, ಮೀನು ಏರುವ ಕೆಲವು ವಾರವಾದರೂ ತೆರೆದಿಡಲು ಆಗುತ್ತಾ ಅಂತ. "ಮಡುವಿನಲ್ಲಿ ಮೀನು ಇದೆಯಲ್ಲ ಮೇಡಂ, ನೀರೂ ಇದೆ, ನಾವೇನು ಒಣಗಿಸಿದ್ದೀವಾ?" ಅಂದರು. ಅವರ ಮಾತು ಸುಳ್ಳಲ್ಲ. ಮೊದಲ ವರ್ಷ ಏನೂ ಬದಲಾದ ಹಾಗೆ ಕಾಣಲಿಲ್ಲ. ಕೊರವ ಇತ್ತು, ಕೆಂಪು ಮರಿಗಳಿದ್ದವು. ಆಮೇಲಾಮೇಲೆ ನನ್ನ ನೋಟ್‌ಬುಕ್ಕಿನ ಪುಟದಲ್ಲಿ ಖಾಲಿ ಸಾಲುಗಳು ಬರತೊಡಗಿದವು. ಮೊದಲು ಹೋದದ್ದು ಬಿಳಿ ಮೀನು. ಬಾಳೆ ಮೀನು ಮುಂದೆ ಕಾಣಲೇ ಇಲ್ಲ. ಉಳಿದದ್ದು ಕಪ್ಪು ಮೀನು ಮತ್ತು ಎಲ್ಲಿ ಬಿಟ್ಟರೂ ಬಾಳುವ ಹೊರಗಿನ ಮೀನು. ಬಲೆ ಖಾಲಿ ಬರುತ್ತಿರಲಿಲ್ಲ. ಬಗೆ ಕಡಿಮೆಯಾಗಿತ್ತು. ದೂರದಿಂದ ನೋಡುವವರಿಗೆ ಮಡು ಹಾಗೇ ಇದೆ. ಈಗಲೂ ಇದೆ.

ಮೀನಿನ ಕಿವಿಯೊಳಗೆ ಒಂದು ಸಣ್ಣ ಕಲ್ಲು ಇರುತ್ತದೆ. ಮರಿಯಾಗಿದ್ದಾಗ ದಿನಕ್ಕೊಂದು ಉಂಗುರ ಅದರ ಮೇಲೆ ಬೆಳೆಯುತ್ತದೆ. 1971ರಿಂದ ವಿಜ್ಞಾನಕ್ಕೆ ಇದು ಗೊತ್ತು. ಆ ಕಲ್ಲನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರಿ ಯಾವ ದಿನ ಹುಟ್ಟಿತು, ಯಾವಾಗ ಚೆನ್ನಾಗಿ ತಿಂದಿತು ಅಂತ ಎಣಿಸಬಹುದು. ಊಟ ಸಿಕ್ಕ ದಿನಗಳ ಉಂಗುರ ಅಗಲ. ಗೇಟು ಬರುವ ಮೊದಲು ಮಡುವಿನಲ್ಲಿ ಸಿಕ್ಕ ಒಂದು ಸತ್ತ ಮರಿಯ ಕಿವಿಕಲ್ಲು ನನ್ನ ಹತ್ತಿರ ಇನ್ನೂ ಇದೆ, ಎರಡು ಗಾಜಿನ ನಡುವೆ. ಒಳಗಿನ ಕೆಲವು ಉಂಗುರ ಒತ್ತೊತ್ತಾಗಿವೆ. ಆಮೇಲೆ ಒಮ್ಮೆಗೇ ಅಗಲ ಅಗಲ. ಅದು ಬಯಲಿಗೆ ಸೇರಿದ ಹೊತ್ತು ಅಂತ ನಾನು ಓದಿಕೊಳ್ಳುತ್ತೇನೆ.

ಒಡ್ಡು ಒಂದು ಕಡೆ, ಅಣೆಕಟ್ಟು ಇನ್ನೊಂದು ಕಡೆ. ಅಣೆಕಟ್ಟಿನಿಂದ ಒಟ್ಟು ಇಷ್ಟು ನೀರು ಬಿಟ್ಟೆವು ಅಂತ ಲೆಕ್ಕ ಕೊಡುತ್ತಾರೆ. ಯಾವಾಗ ಬಿಟ್ಟಿರಿ, ಎಷ್ಟು ದಿನ ನಿಲ್ಲಿಸಿದಿರಿ, ಎಷ್ಟು ಬೇಗ ಇಳಿಸಿದಿರಿ, ನೀರು ಬೆಚ್ಚಗಿತ್ತಾ ತಣ್ಣಗಿತ್ತಾ, ಇದನ್ನು ಯಾರೂ ಕೇಳುವುದಿಲ್ಲ. ಮೀನಿಗೆ ಬೇಕಾದ ಲೆಕ್ಕ ಅದೇ. ಚೀನಾದ ಯಾಂಗ್‌ತ್ಸೆ ನದಿಯಲ್ಲಿ ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳು ನೀರು ಸುಮಾರು 18 ಡಿಗ್ರಿಗೆ ಬಂದು, ನದಿ ಏರತೊಡಗಿದಾಗ ಮೊಟ್ಟೆ ಇಡುತ್ತವೆ. ತ್ರೀ ಗಾರ್ಜಸ್ ಅಣೆಕಟ್ಟು ಬಂದ ಮೇಲೆ ವಸಂತದ ನೀರು ಬೆಚ್ಚಗಾಗುವುದು ತಡವಾಯಿತು, ಏರಿಳಿತ ಚಪ್ಪಟೆಯಾಯಿತು, ಮೊಟ್ಟೆ ಬಹಳ ಕಡಿಮೆಯಾಯಿತು. 2011ರಿಂದ ಅಲ್ಲಿ ಮೇ, ಜೂನ್ ತಿಂಗಳಲ್ಲಿ ಬೇಕೆಂದೇ ಹಂತಹಂತವಾಗಿ ನೀರು ಏರಿಸಿ ಬಿಡುತ್ತಿದ್ದಾರೆ. ಕ್ಯಾಮರೂನ್ ದೇಶದಲ್ಲಿ 1979ರಲ್ಲಿ ಮಾಗಾ ಅಣೆಕಟ್ಟು ಕಟ್ಟಿದ ಮೇಲೆ ಲೊಗೋನ್ ನದಿಯ ಬಯಲು ಒಣಗಿ ಮೀನುಗಾರಿಕೆ ಕುಸಿಯಿತು. 1994ರಲ್ಲಿ ಮುಚ್ಚಿದ್ದ ಒಂದು ಕಾಲುವೆ ತೆರೆದು ನೋಡಿದರು. ನೀರಿನ ಜೊತೆ ಮೀನೂ ಬಂತು.

ಮನುಷ್ಯರನ್ನೂ ಕಾಪಾಡಿ ಮೀನಿಗೂ ಜಾಗ ಬಿಡಬಹುದು ಅನ್ನುವುದಕ್ಕೆ ನಾನು ಹೆಚ್ಚು ಇಷ್ಟಪಡುವ ಉದಾಹರಣೆ ಕ್ಯಾಲಿಫೋರ್ನಿಯಾದ ಯೋಲೋ ಬೈಪಾಸ್. ಸ್ಯಾಕ್ರಮೆಂಟೊ ನದಿ ಉಕ್ಕಿದಾಗ ಪಟ್ಟಣ ಮುಳುಗಬಾರದು ಅಂತ ಹೆಚ್ಚಿನ ನೀರನ್ನು ಒಂದು ದೊಡ್ಡ ಬಯಲಿಗೆ ತಿರುಗಿಸುತ್ತಾರೆ. ಉಳಿದ ತಿಂಗಳು ಅಲ್ಲಿ ಬೇಸಾಯ ನಡೆಯುತ್ತದೆ. ಮೀನಿಗೋಸ್ಕರ ಮಾಡಿದ್ದಲ್ಲ ಅದು. ಆದರೆ ಆ ಬಯಲಿಗೆ ಸೇರಿದ ಚಿನೂಕ್ ಸಾಲ್ಮನ್ ಮರಿಗಳು ನದಿಯ ಹರಿವಿನಲ್ಲಿದ್ದ ಮರಿಗಳಿಗಿಂತ ಬೇಗ ಬೆಳೆದವು ಅಂತ 2001ರಲ್ಲಿ ಸಂಶೋಧಕರು ತೋರಿಸಿದರು. ನೆದರ್‌ಲ್ಯಾಂಡ್ಸ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ಒಡ್ಡು ಹಿಂದಕ್ಕೆ ಸರಿಸಿಯೋ, ಪಕ್ಕದ ಕಾಲುವೆ ತೋಡಿಯೋ ನದಿಗೆ ಜಾಗ ಮಾಡಿಕೊಟ್ಟರು, ಅದೂ ಮೊದಲು ಊರುಗಳ ರಕ್ಷಣೆಗೆ. ಫ್ಲಾರಿಡಾದಲ್ಲಿ ಕಿಸ್ಸಿಮ್ಮಿ ನದಿಯ 166 ಕಿಲೋಮೀಟರ್ ಬಳುಕನ್ನು 1962ರಿಂದ 1971ರ ನಡುವೆ 90 ಕಿಲೋಮೀಟರಿನ ನೇರ ಕಾಲುವೆ ಮಾಡಿದ್ದರು. ಆಮೇಲೆ ಅದರ ಒಂದು ಭಾಗವನ್ನು ಮುಚ್ಚಿ, ನದಿಗೆ ಹಳೆಯ ದಾರಿ ವಾಪಸ್ ಕೊಡಲು 1999ರಿಂದ 2021ರವರೆಗೆ ಕೆಲಸ ಮಾಡಿದರು. ನೇರ ಮಾಡಲು ಒಂಬತ್ತು ವರ್ಷ, ಒಂದು ಭಾಗವನ್ನು ಬಳುಕಿಸಲು ಇಪ್ಪತ್ತೆರಡು.

2023ರ ಕೊನೆಯಲ್ಲಿ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಪ್ರಕಟಿಸಿದ ಲೆಕ್ಕದಲ್ಲಿ, ಪರಿಶೀಲಿಸಿದ 14,898 ಸಿಹಿನೀರಿನ ಮೀನು ಬಗೆಗಳಲ್ಲಿ 3,086 ಅಳಿವಿನ ಅಪಾಯದಲ್ಲಿವೆ. ಐದರಲ್ಲಿ ಒಂದು ಅನ್ನಿ. ಹುಲಿ, ಆನೆಯ ಸುದ್ದಿ ಮುಖಪುಟಕ್ಕೆ ಬರುತ್ತದೆ, ಬರಲಿ. ಮೀನಿನ ಈ ಲೆಕ್ಕವೂ ಒಂದು ದಿನ ಅಲ್ಲಿ ಬರಲಿ ಅಂತ ನನ್ನ ಆಸೆ.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಸಲ ನೆರೆಯ ಸುದ್ದಿ ಬರೆಯುವಾಗ ಊರಿಗೆ ನುಗ್ಗಿದ ನೀರು ಬೇರೆ, ಬಯಲಿಗೆ ಹರಡಿದ ನೀರು ಬೇರೆ ಅಂತ ಎರಡು ಸಾಲಿನಲ್ಲಿ ಬೇರೆಬೇರೆ ಹೇಳಿ. 'ದಡ ಮೀರಿತು' ಅನ್ನುವ ಬದಲು 'ಬಯಲು ತುಂಬಿತು' ಅನ್ನಿ. ಸಮುದ್ರಕ್ಕೆ ಹೋದ ನೀರನ್ನು ವ್ಯರ್ಥ ಅನ್ನಬೇಡಿ. ಒಡ್ಡು, ಗೇಟು, ಅಣೆಕಟ್ಟಿನ ಸುದ್ದಿ ಮಾಡಲು ಹೋದ ವರದಿಗಾರರು ಅಧಿಕಾರಿಗಳನ್ನು ಒಂದು ಪ್ರಶ್ನೆ ಜಾಸ್ತಿ ಕೇಳಲಿ: ಮೀನು ಏರುವ ಹೊತ್ತಿಗೆ ಈ ಬಾಗಿಲು ತೆರೆದಿರುತ್ತದಾ? ಉತ್ತರ ಏನೇ ಬರಲಿ, ಅಚ್ಚು ಹಾಕಿ. ನಾನು ಒಬ್ಬಳೇ ಹೋಗಿ ಕೇಳಿದಾಗ ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಮತ್ತೆ, ಆಗುವುದಾದರೆ ಮಕ್ಕಳ ಪುಟದಲ್ಲಿ ಬಾಟಲಿ ಇಡುವ ವಿಧಾನ ಹಾಕಿ. ಬರೆದುಕೊಡಲು ನಾನು ತಯಾರಿದ್ದೇನೆ.

ಇವತ್ತಿಗೆ ನನ್ನ ಬಾಟಲಿಗೆ ಐದು ದಿನ. ಈಗ ಸೂಕ್ಷ್ಮದರ್ಶಕ ಬೇಕಾಗಿಲ್ಲ. ಬೆಳಕಿಗೆ ಹಿಡಿದರೆ ಧೂಳಿನ ಕಣದಂತಹ ಬಿಳಿ ಚುಕ್ಕೆಗಳು ಕುಪ್ಪಳಿಸಿ ಕುಪ್ಪಳಿಸಿ ಮೇಲೆ ಏರುತ್ತಿವೆ. ನೀರ್ಚಿಗಟದ ಮರಿಗಳು. ಬಾಟಲಿಯಲ್ಲಿ ಅವನ್ನು ತಿನ್ನುವ ಮೀನಿಲ್ಲ. ಸಂಜೆ ನಡೆದು ಹೋಗಿ, ನೀರು ಇನ್ನೂ ಇಳಿಯದ ಒಂದು ತಗ್ಗು ನೋಡಿ ಸುರಿದು ಬರುತ್ತೇನೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕಿ